ನೀಲಿಗಟ್ಟಿದ ಹೆಬ್ಬೆಟ್ಟು

ಆರನೆಯ ಕಂತು

"ಇದ್ರಾಗೆ ಒಂದೂ ಇಲ್ಲ ಸಾ," ಎಂದಳು ಓಬಕ್ಕ.

ಜಿಗಣೆ ಹಿಡಿದು ರೋಗಿಗಳಿಗೆ ಹಚ್ಚುವ ಕಸುಬಿನ ಅವಳು ಗಡಿಗೆಯನ್ನು ನನ್ನ ಕಡೆ ಬಗ್ಗಿಸಿ ತೋರಿಸಿದಳು. ತಳದಲ್ಲಿ ಕೆರೆಯ ಕೆಸರು, ಒಂದು ಹಿಡಿ ಪಾಚಿ, ಅರ್ಧ ಸೇರು ನೀರು. ನಿನ್ನೆ ಸಂಜೆ ಇದೇ ಗಡಿಗೆಯಲ್ಲಿ ಹದಿನಾಲ್ಕು ಜಿಗಣೆಗಳಿದ್ದವು. ನಾನೇ ನೋಡಿದ್ದೆ, ನೋಡಿ ಮುಖ ತಿರುಗಿಸಿದ್ದೆ. ಈಗ ಆ ಹಾಳು ಹುಳುಗಳಲ್ಲಿ ಒಂದಾದರೂ ಸಿಗಲಿ ಎಂದು ಕೆಸರಿಗೇ ಬೆರಳು ಹಾಕಿ ಕೆದಕಿದೆ. ಸಿಗಲಿಲ್ಲ.

ಬೆಳಗಿನ ಎಂಟೂವರೆ. ಚಿತ್ರದುರ್ಗದ ಡಾಕ್ಟರ್ ನಾಗಣ್ಣನವರ ನರ್ಸಿಂಗ್ ಹೋಮಿನ ಹಿಂಬದಿಯ ಕೋಣೆ. ಮಂಚದ ಮೇಲೆ ಗುಡ್ಡಪ್ಪ ಮಲಗಿದ್ದ. ಮರದ ಪಟ್ಟಿಗೆ ಬಿಗಿದು ಕಟ್ಟಿದ ಅವನ ಎಡಗೈ ದಿಂಬಿನ ಮೇಲಿತ್ತು, ಹೆಬ್ಬೆಟ್ಟೊಂದೇ ಹೊರಗೆ ಕಾಣುತ್ತಿತ್ತು. ನಿನ್ನೆ ತುಸು ಕೆಂಪಗಿದ್ದದ್ದು ಈಗ ನೇರಳೆಹಣ್ಣಿನ ಬಣ್ಣಕ್ಕೆ ತಿರುಗಿತ್ತು. ಯಾರೋ ಅವನ ತಲೆಯ ಮೇಲೆ ಕಂಬಳಿ ಎಸೆದು, ಕೈಯನ್ನು ಕಲ್ಲಿಗೆ ಒತ್ತಿ, ಆ ಬೆರಳನ್ನು ಕುಡುಗೋಲಿನಿಂದ ಕಡಿದು ಇಂದಿಗೆ ಮೂರು ದಿನ. ನೇತಾಡುತ್ತಿದ್ದದ್ದನ್ನು ಡಾಕ್ಟರು ಹೊಲಿದು ಕೂಡಿಸಿದ್ದರು.

ಆ ಬೆರಳಿನ ಮೇಲೆ ನಾಲ್ಕು ಎಕರೆ ಹೊಲ ನಿಂತಿತ್ತು. ಹೊಸದುರ್ಗ ತಾಲ್ಲೂಕಿನಲ್ಲಿ ಗುಡ್ಡಪ್ಪನೂ ಅವನ ಹೆಂಡತಿ ಈರಕ್ಕನೂ ಮೂವತ್ತು ವರ್ಷದಿಂದ ಗೇಣಿಗೆ ಮಾಡುತ್ತಿದ್ದ ಹೊಲ ಅದು. ಒಡೆಯ ಹೊಸದುರ್ಗದ ಕಾಟಪ್ಪ. ಉಳುವವನಿಗೇ ಭೂಮಿ ಎಂಬ ಕಾನೂನು ಬಂದ ಮೇಲೆ ಈರಕ್ಕ ಗಂಡನನ್ನು ಎಳೆದುಕೊಂಡು ಹೋಗಿ ಅರ್ಜಿ ಹಾಕಿಸಿದಳು. ಕಾಟಪ್ಪ ಟ್ರಿಬ್ಯುನಲ್ಲಿನ ಮುಂದೆ ಒಂದು ಕಾಗದ ಇಟ್ಟ. 'ನಾನು ಗೇಣಿದಾರನಲ್ಲ, ಕೂಲಿಯವನು, ಹೊಲದ ಮೇಲೆ ನನಗೆ ಹಕ್ಕಿಲ್ಲ' ಎಂದು ಅದರಲ್ಲಿ ಬರೆದಿತ್ತು, ಕೆಳಗೆ ಒಂದು ಎಡಗೈ ಹೆಬ್ಬೆಟ್ಟು.

ನಾನು ಒತ್ತಿಲ್ಲ ಎಂದ ಗುಡ್ಡಪ್ಪ. ಒತ್ತಿದ್ದಾನೆ ಎಂದ ಕಾಟಪ್ಪ. ಅರ್ಜಿಯ ಮೇಲಿದ್ದ ಹೆಬ್ಬೆಟ್ಟು ಮಸಿಯ ಮುದ್ದೆ, ಒಂದು ಗೆರೆಯೂ ಕಾಣದು. ಇಪ್ಪತ್ತನೇ ತಾರೀಖು ಬೆಂಗಳೂರಿನಿಂದ ಎಕ್ಸ್‌ಪರ್ಟ್ ಬಂದು ಹೊಸದಾಗಿ ಒತ್ತಿಸಿ ಹೋಲಿಸುವುದೆಂದು ಗೊತ್ತಾಯಿತು. ಗೊತ್ತಾದ ವಾರಕ್ಕೇ ಬೆರಳಿಗೆ ಕುಡುಗೋಲು ಬಿತ್ತು.

ಸಬ್ ಇನ್ಸ್‌ಪೆಕ್ಟರ್ ಕೆಲಸದಲ್ಲಿ ಹನ್ನೊಂದು ವರ್ಷ ಸವೆದ ನನಗೆ ಇದರಲ್ಲಿ ತಲೆ ಕೆಡಿಸಿಕೊಳ್ಳುವಂಥದ್ದು ಏನೂ ಕಂಡಿರಲಿಲ್ಲ. ಕಾಗದ ಸುಳ್ಳು, ಸುಳ್ಳು ಬಯಲಾಗದಂತೆ ಕಡಿಸಿದವನು ಕಾಟಪ್ಪ. ಮನೆಯಲ್ಲಿ ಊಟಕ್ಕೆ ಕೂತಾಗ ಹೀಗೆಂದು ಹೇಳಿದ್ದಕ್ಕೆ ನನ್ನ ಹೆಂಡತಿ, "ಅಷ್ಟು ಸಲೀಸಾಗಿದ್ರೆ ನಿಮಗ್ಯಾಕೆ ಪೊಲೀಸ್ನೋರು ಸಂಬಳ ಕೊಡ್ತಿದ್ರು," ಎಂದಿದ್ದಳು. ಆ ಮಾತನ್ನು ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ಡಾಕ್ಟರ್ ನಾಗಣ್ಣ ಒಳಗೆ ಬಂದರು. ಹೊಳಲ್ಕೆರೆ ಕಡೆಯ ಮನುಷ್ಯ. ಬಹಳ ಓದಿದವರು, ಮಾತು ಕಡಿಮೆ, ಸಿಟ್ಟು ಜಾಸ್ತಿ. ಹೆಬ್ಬೆಟ್ಟಿನ ಉಗುರನ್ನು ಮೆತ್ತಗೆ ಅದುಮಿ ಬಿಟ್ಟರು. ನೀಲಿ ಬಣ್ಣ ಕದಲಲಿಲ್ಲ.

"ಕೊನೇ ಜಿಗಣೆ ಹಚ್ಚಿದ್ದು ಯಾವಾಗ?"

"ಹೊತ್ತು ಮೂಡಾಕೆ ಮುಂಚೆ ರೀ," ಎಂದಳು ಓಬಕ್ಕ. "ಆಮೇಲೆ ಗಡಿಗೆಗೆ ಬಟ್ಟೆ ಕಟ್ಟಿ ಮುಖ ತೊಳ್ಯಾಕೆ ಹೋದೆ. ಈಗ ಬಿಚ್ಚಿ ನೋಡಿದ್ರೆ ಹಿಂಗಾಗೈತೆ."

"ಸೂಜಿಯಲ್ಲಿ ತೂತು ಮಾಡಿ ಆ ರಕ್ತ ಬಿಡೋಕೆ ಬರಲ್ವಾ ಡಾಕ್ಟ್ರೇ?" ಎಂದೆ ನಾನು. ಮೂರು ದಿನದಿಂದ ಕೇಳಬೇಕೆಂದಿದ್ದ ಪ್ರಶ್ನೆ.

ಅವರು ನನ್ನನ್ನು ಮೂರನೇ ಕ್ಲಾಸಿನ ಹುಡುಗನನ್ನು ನೋಡಿದಂತೆ ನೋಡಿದರು. "ನೋಡ್ರಿ ಕೆಂಚಣ್ಣ. ಈ ಬೆರಳಿಗೆ ರಕ್ತ ತರೋ ನಾಳ ಒಂದು ಹರೀದೆ ಉಳಿದಿತ್ತು. ಹೊರಗೆ ಒಯ್ಯೋವು ನೂಲಿಗಿಂತ ಸಣ್ಣವು, ಎಲ್ಲಾ ಜಜ್ಜಿ ಹೋಗಿದ್ವು. ಹೊಸವು ಹುಟ್ಟಾಕೆ ಇನ್ನು ನಾಲ್ಕು ದಿನ ಬೇಕು. ಅಲ್ಲೀತನ ಬಂದ ರಕ್ತ ಹೊರಗೆ ಹೋಗಾಕೆ ದಾರಿ ಇಲ್ಲ. ಒಳಗೇ ನಿಂತು ಬೆರಳು ಕೊಳೀತದೆ. ನಾನು ತೂತು ಮಾಡಿದ್ರೆ ಗಳಿಗೇಲಿ ಹೆಪ್ಪುಗಟ್ಟಿ ಮುಚ್ಚಿ ಹೋಗ್ತದೆ. ಜಿಗಣೆ ಕಚ್ಚಿದ ತೂತು ಮುಚ್ಚಲ್ಲ. ಅದರ ಎಂಜಲಿಗೆ ರಕ್ತ ಹೆಪ್ಪಾಗಲ್ಲ. ಅದು ಕುಡಿದು ಉದುರಿದ ಮೇಲೂ ಆರೆಂಟು ತಾಸು ಒಸರ್ತಾನೇ ಇರ್ತದೆ. ನಮಗೆ ಬೇಕಾದ್ದು ಅದೇ."

"ಈಗ ಎಷ್ಟು ಹೊತ್ತು ಐತೆ?"

"ಮಧ್ಯಾಹ್ನದೊಳಗೆ ಹಚ್ಚಿದ್ರೆ ಉಂಟು. ಇಲ್ಲಾಂದ್ರೆ ಸಂಜೆಗೆ ನಾನೇ ತೆಗೆದು ಹಾಕ್ಬೇಕು."

ಮೂಲೆಯಲ್ಲಿ ಕೂತಿದ್ದ ಈರಕ್ಕ ಎದ್ದು ಬಂದು ಡಾಕ್ಟರ ಕಾಲು ಹಿಡಿದಳು. "ಹಂಗನ್ಬ್ಯಾಡ್ರಿ ಡಾಕ್ಟ್ರೇ. ಹೆಂಗಾನಾ ಮಾಡಿ ಉಳಿಸಿಕೊಡ್ರಿ." ಕಡಿದ ದಿನ ನೇತಾಡುತ್ತಿದ್ದ ಬೆರಳನ್ನು ಸೆರಗು ಹರಿದು ಕಟ್ಟಿ, ಗಂಡನನ್ನು ಎತ್ತಿನ ಗಾಡಿಯಲ್ಲಿ ಹೊಸದುರ್ಗಕ್ಕೂ ಅಲ್ಲಿಂದ ಬಸ್ಸಿನಲ್ಲಿ ದುರ್ಗಕ್ಕೂ ಕರೆತಂದವಳು ಅವಳೇ. ಬಂದಾಗಿನಿಂದ ಒಂದು ತುತ್ತೂ ಸರಿಯಾಗಿ ಉಂಡಿರಲಿಲ್ಲ. ಹೆಂಡತಿಯೆಂದರೆ ಹೀಗಿರಬೇಕು ಎಂದು ನಾನು ಮನಸ್ಸಿನಲ್ಲೇ ಮೆಚ್ಚಿಕೊಂಡೆ, ಕಣ್ಣು ಕೂಡ ಒದ್ದೆಯಾಯಿತು.

ಗುಡ್ಡಪ್ಪ ಮಾತ್ರ ಛಾವಣಿ ನೋಡುತ್ತ ಮಲಗಿದ್ದ. ಬಲಗೈ ಹೊದಿಕೆಯೊಳಗಿತ್ತು.

"ಜೀಪ್ ಕೊಡ್ತೀನಿ," ಎಂದು ಓಬಕ್ಕನಿಗೆ ಹೇಳಿದೆ. "ಹೊಳಲ್ಕೆರೆ ಕಡೆ ಕೆರೆಗೆ ಹೋಗಿ ಬ್ಯಾರೆ ಹಿಡ್ಕಂಡು ಬಾ."

"ಈ ಬಿಸಿಲಾಗೆ ಬರ್ತಾವಾ ಸಾ ಅವು? ಬಿಸಿಲೇರಿದ್ರೆ ಕೆಸರಿನ ಬುಡಕ್ಕೆ ಹೋಗಿ ಕುಂತ್ಕಂತಾವೆ. ನಾನು ಮಂಡಿಯುದ್ದ ನೀರಾಗೆ ಇಡೀ ದಿನ ನಿಂತ್ರೂ ಒಂದು ಕಚ್ಚಲ್ಲ. ಹೊತ್ತು ಮುಳುಗ್ಬೇಕು."

ಅಂದರೆ ಕಳೆದುಹೋದವನ್ನೇ ಹುಡುಕಬೇಕು, ಅದೂ ನಾಲ್ಕು ತಾಸಿನೊಳಗೆ. ಕಳ್ಳತನದ ಮಾಲಿನ ಪಟ್ಟಿಯಲ್ಲಿ ನಾನು ಎಮ್ಮೆ ಬರೆದಿದ್ದೇನೆ, ಬಾವಿಯ ರಾಟೆ ಬರೆದಿದ್ದೇನೆ, ಒಮ್ಮೆ ಹುಣಸೆಮರವನ್ನೂ ಬರೆದಿದ್ದೇನೆ. ಜಿಗಣೆ ಬರೆಯುವ ಯೋಗ ಇದೇ ಮೊದಲು.

ಬಾಗಿಲಿಗೆ ಕಾವಲು ಹಾಕಿದ್ದ ಪೇದೆ ಗೊಲ್ಲಪ್ಪನನ್ನು ಕರೆದೆ.

"ಯಾರ್ಯಾರು ಬಂದ್ರು?"

"ಯಾರೂ ಇಲ್ಲ ಸಾ. ನಾನು ಬಾಗಿಲು ಬಿಟ್ಟು ಕದಲಿಲ್ಲ."

"ನಿದ್ದೆ ಮಾಡಿದ್ಯಾ?"

"ಕಣ್ಣು ಮುಚ್ಚಿದ್ದೆ ಸಾ. ನಿದ್ದೆ ಮಾಡಲಿಲ್ಲ."

"ಯಾರೂ ಬರ್ಲೇ ಇಲ್ಲ?"

ಅವನು ತಲೆ ಕೆರೆದುಕೊಂಡ. "ಆರೂವರೆಗೆ ಕಾಟಪ್ನೋರು ಬಂದಿದ್ರು. ಒಳಗೆ ಬಿಡಲಿಲ್ಲ ಸಾ. ಗುಡ್ಡಪ್ಪಂಗೆ ಅಂತ ಮೂಸಂಬಿ ತಂದಿದ್ರು, ಈಯಮ್ಮ ಮುಟ್ಟಲಿಲ್ಲ. ನನ್ನ ಕೈಗೆ ಕೊಟ್ಟು ಹೋದ್ರು."

"ಎಲ್ಲಿ ಮೂಸಂಬಿ?"

ಗೊಲ್ಲಪ್ಪ ಮೀಸೆ ಒರೆಸಿಕೊಂಡ. ಹಣ್ಣು ತೊಳೆಯಲು ನಲ್ಲಿಯ ಹತ್ತಿರ ಹೋಗಿದ್ದನಂತೆ. ಆಗ ಈರಕ್ಕ ಬಿಸಿನೀರು ತರಲು ಅಡುಗೆಮನೆಗೆ ಹೋಗಿದ್ದಳಂತೆ. 'ಎರಡೇ ನಿಮಿಷ ಸಾ' ಎಂದ. ಅವನ ಎರಡು ನಿಮಿಷ ನನಗೆ ಗೊತ್ತು, ಅಷ್ಟು ಹೊತ್ತಿನಲ್ಲಿ ಹೊಸದುರ್ಗಕ್ಕೆ ಹೋಗಿಬರಬಹುದು.

ಅಷ್ಟರಲ್ಲಿ ಓಬಕ್ಕ ಗಡಿಗೆಯ ಬಾಯಿಗೆ ಕಟ್ಟಿದ್ದ ಬಿಳಿ ಬಟ್ಟೆಯನ್ನು ಬೆಳಕಿಗೆ ಹಿಡಿದು ನೋಡುತ್ತಿದ್ದಳು. ಅಂಚಿನಲ್ಲಿ ನಾಲ್ಕಾರು ರಕ್ತದ ಹನಿಗಳಿದ್ದವು.

"ಕೈ ಹಾಕಿದೋರಿಗೆ ಒಂದಾದ್ರೂ ಕಚ್ಚೈತೆ ಸಾ. ಹಸಿದವು ಬಿಡ್ತಾವಾ? ಮಧ್ಯಾಹ್ನತನ ಆ ರಕ್ತ ನಿಲ್ಲಲ್ಲ. ಏನು ಸುತ್ತಿದ್ರೂ ನೆನೀತದೆ."

"ಕಚ್ಚಿದ ಗುರುತು ಹೆಂಗಿರ್ತದೆ?"

"ಮೂರು ಕವಲು. ಕೋಳಿ ಹೆಜ್ಜೆ ಇದ್ದಂಗೆ."

ನನಗೆ ಖುಷಿಯಾಯಿತು, ಮುಚ್ಚಿಡುವುದೇಕೆ. ಕಳ್ಳನ ಕೈಗೆ ಅಳಿಸಲಾಗದ ಗುರುತು ಬಿದ್ದಿದೆ, ಕಳ್ಳ ಯಾರೆಂಬುದೂ ನನಗೆ ಗೊತ್ತಿದೆ. ಓಬಕ್ಕನಿಗೆ ಹಿತ್ತಲು ಹುಡುಕಲು ಹೇಳಿ ಜೀಪು ಹತ್ತಿದೆ.

* * *

ಕಾಟಪ್ಪ ಬಸ್‌ಸ್ಟ್ಯಾಂಡ್ ಹತ್ತಿರದ ಲಾಡ್ಜಿನಲ್ಲಿ ಇಳಿದಿದ್ದರು. ಬಿಳಿ ಪಂಚೆ, ತೋಳಿನ ಬನಿಯನ್, ಬಾಯಲ್ಲಿ ಎಲೆ ಅಡಿಕೆ. ನನ್ನನ್ನು ಕಂಡು ಎದ್ದು ನಿಂತರು.

"ಬರ್ರಿ ಸಾಹೇಬ್ರೆ, ಕುಂತ್ಕಳ್ರಿ. ಕಾಫಿ ಹೇಳ್ಲಾ?"

"ಕೈ ತೋರಿಸ್ರಿ."

ಅವರು ಎಡಗೈಯನ್ನು ಹಿಂದಕ್ಕೆ ಎಳೆದುಕೊಂಡರು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವುದು ಇದಕ್ಕೇ. ನಾನು ಮುಂಗೈ ಹಿಡಿದು ಎಳೆದೆ. ತೋರುಬೆರಳಿಗೆ ಬಟ್ಟೆ ಸುತ್ತಿತ್ತು.

"ಇದೇನು?"

"ಅಡಕೊತ್ತು ತಾಗ್ತು."

"ಬಿಚ್ರಿ."

ಬಿಚ್ಚಿದರು. ನೆಟ್ಟನೆಯ ಒಂದೇ ಗೀರು, ಒಣಗಿ ಕಪ್ಪಾಗಿತ್ತು. ಕೋಳಿ ಹೆಜ್ಜೆ ಇರಲಿಲ್ಲ. 'ಬಟ್ಟೆ ಒದ್ದೆ ಇಲ್ಲವೇ' ಎಂದು ಎರಡು ಸಲ ಮುಟ್ಟಿ ನೋಡಿದೆ. ಬಲಗೈ ನೋಡಿದೆ. ಮೊಣಕೈತನಕ ನೋಡಿದೆ. ಬೆಟ್ಟ ಅಗೆದು ನನಗೆ ಇಲಿಯೂ ಸಿಗಲಿಲ್ಲ.

"ಜಿಗಣೆ ಎಲ್ಲಿ ಹಾಕಿದ್ರಿ?"

"ಯಾವ ಜಿಗಣೆ?"

ಹೇಳಿದೆ. ಹೇಳುತ್ತ ಹೋದಂತೆ ಕಾಟಪ್ಪನವರ ಬಾಯಿ ಎಲೆ ಅಗಿಯುವುದನ್ನು ನಿಲ್ಲಿಸಿತು. ಎದ್ದು ಹೋಗಿ ಕಿಟಕಿಯಾಚೆ ಉಗುಳಿ ಬಂದು ನನ್ನ ಎದುರಿಗೇ ಕೂತರು.

"ಬೆರಳು ಹೋಗಿಬಿಡ್ತದಾ ಸಾಹೇಬ್ರೆ?" ಗಾಬರಿ ನಟನೆಯದಾಗಿರಲಿಲ್ಲ.

"ಹೋದ್ರೆ ನಿಮಗೆ ಒಳ್ಳೇದಲ್ವಾ? ಕಾಗದ ಸುಳ್ಳು ಅಂತ ಯಾರಿಗೂ ತೋರಿಸಾಕೆ ಆಗಲ್ಲ."

"ನಿಜ ಅಂತ ತೋರಿಸಾಕೂ ಆಗಲ್ಲ. ನಮ್ಮ ವಕೀಲ್ರು ಏನಂದವ್ರೆ ಕೇಳ್ರಿ. ಆ ಹೆಬ್ಬೆಟ್ಟು ಗುಡ್ಡಪ್ಪಂದೇ ಅಂತ ಸಾಬೀತು ಮಾಡ್ಬೇಕಾದೋನು ನಾನು. ಮಾಡಲಿಲ್ಲ ಅಂದ್ರೆ ಆ ಕಾಗದ ಒಲೆಗೆ. ಹೊಲ ಉತ್ತೋನಿಗೆ. ಆ ಬೆರಳು ಉಳೀಲಿ ಅಂತ ಈ ದುರ್ಗದಾಗೆ ನನ್ನಷ್ಟು ಬೇಡ್ಕೊಳ್ಳೋನು ಬ್ಯಾರೆ ಇಲ್ಲ. ಅದಕ್ಕೇ ಇಲ್ಲಿ ಬಂದು ಬಿದ್ದೀನಿ."

ಇಷ್ಟು ಸಣ್ಣ ಲೆಕ್ಕ ಮೂರು ದಿನ ನನ್ನ ತಲೆಗೆ ಹೊಳೆದಿರಲಿಲ್ಲ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ. ಒಡೆಯ ಎಂದರೆ ಕೆಟ್ಟವನು, ಗೇಣಿದಾರ ಎಂದರೆ ಸತ್ಯವಂತ ಎಂದು ನಾನೇ ತೀರ್ಪು ಬರೆದು ಕೂತಿದ್ದೆ.

"ಹಂಗಾದ್ರೆ ಅವನೇ ಒತ್ತಿದ್ದು ಅಂತೀರಾ?"

"ಅವನೇ. ಹೋದ ವರ್ಷ, ನಮ್ಮವ್ವ ಸಾಯೋಕೆ ಎಂಟು ದಿನ ಮುಂಚೆ. ಅವ್ವನ ಮಂಚದ ಪಕ್ಕ ಕುಂತು ಒತ್ತಿದ. ಹಿಂದೆ ಬರ ಬಿದ್ದಾಗ ಅವ್ವ ಅವರ ಮನೆಮಂದಿಗೆಲ್ಲ ಮೂರು ತಿಂಗಳು ಅಂಬಲಿ ಕಾಸಿ ಹೊಯ್ದಿದ್ಲು. ಅದನ್ನ ಅವ್ನು ಮರೆತೋನಲ್ಲ."

"ಹೆದರಿಸಿದ್ರಾ?"

"ನಾನು ಬಾಯಿನೇ ಬಿಡಲಿಲ್ಲ. ಅವ್ವನೇ ಕೇಳಿದ್ಲು. ಉಂಡ ಮನೆ ಜಂತೆ ಎಣಿಸೋನಲ್ಲ ಅವ್ನು, ಒತ್ತಿದ. ಆಮೇಲೆ ಹೆಂಡ್ತಿಗೆ ಹೇಳಾಕೆ ಬಾಯಿ ಬರಲಿಲ್ಲ. ಅವಳು ಅರ್ಜಿ ಹಾಕ್ಸಿದ್ಲು. ಅವಳ ಮುಂದೆ ಒತ್ತಿಲ್ಲ ಅಂದ, ಟ್ರಿಬ್ಯುನಲ್ನಾಗೂ ಅದೇ ಮಾತು ಅಂದ."

ಸಾಯುವ ಮುದುಕಿಯನ್ನು ಮುಂದಿಟ್ಟುಕೊಂಡು ಹೆಬ್ಬೆಟ್ಟು ಒತ್ತಿಸಿಕೊಳ್ಳುವುದಕ್ಕಿಂತ ಕತ್ತಿ ತೋರಿಸಿ ಒತ್ತಿಸಿಕೊಳ್ಳುವುದೇ ಮರ್ಯಾದೆ. ಹಾಗೆಂದು ಮುಖಕ್ಕೇ ಹೇಳಿದೆ. ಕಾಟಪ್ಪ ಬೇಸರ ಮಾಡಿಕೊಳ್ಳಲಿಲ್ಲ.

"ಅದಿರಲಿ ಸಾಹೇಬ್ರೆ. ಬೆರಳು ಉಳಿಸ್ರಿ," ಎಂದರು.

ಜೀಪು ಹತ್ತಿ ಮತ್ತೆ ನರ್ಸಿಂಗ್ ಹೋಮಿನ ಕಡೆ ತಿರುಗಿಸಿದೆ. ಕಾಟಪ್ಪನವರ ಮೇಲೆ ನನಗಿದ್ದ ಸಿಟ್ಟು ಹೋಗಿರಲಿಲ್ಲ. ಆದರೆ ಸಿಟ್ಟಿಗೂ ಸಾಕ್ಷಿಗೂ ಸಂಬಂಧ ತಪ್ಪಿಹೋಗಿತ್ತು. ಆ ಬೆರಳು ಬೇಡವಾದವರು ಬೇರೆ ಯಾರೋ ಇದ್ದಾರೆ.

* * *

ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಪಕ್ಕ ಒಂದು ಸಿಮೆಂಟ್ ತೊಟ್ಟಿ. ಓಬಕ್ಕ ಅದರೊಳಗೆ ಮೊಣಕೈತನಕ ಕೈ ಇಳಿಬಿಟ್ಟು ಕುಕ್ಕುರುಗಾಲಲ್ಲಿ ಕೂತಿದ್ದಳು. ನನ್ನನ್ನು ಕಂಡು ತಲೆ ಎತ್ತಿದಳು.

"ಸಿಕ್ವು ಸಾ. ಹದಿಮೂರು."

ಗೋಡೆಗೆ ಅಂಟಿಕೊಂಡಿದ್ದ ಒಂದನ್ನು ಎರಡೇ ಬೆರಳಲ್ಲಿ ಬಿಡಿಸಿ ಗಡಿಗೆಗೆ ಹಾಕಿದಳು. "ನಲ್ಲಿ ನೀರು ಇವಕ್ಕೆ ಆಗಲ್ಲ. ಮಬ್ಬಾಗ್ಯಾವೆ. ಕೆರೆ ನೀರಾಗೆ ಒಂದು ಗಳಿಗೆ ಬಿಟ್ರೆ ಚೇತರಿಸ್ಕಂತಾವೆ."

"ಎಲ್ಲಾ ಬದುಕ್ಯಾವಾ?"

"ಎಲ್ಲಾ." ಅವಳ ಮುಖದಲ್ಲಿ ಸಂತೋಷ ಇರಲಿಲ್ಲ. "ಅದೇ ನನಗೆ ಒಂಥರಾ ಆಗ್ತೈತೆ ಸಾ. ಬೆರಳು ಕೆಡಿಸಾಕೆ ಬಂದ ಹಗೆಯೋನು ಇವನ್ನ ತೊಟ್ಟಿಗೆ ಯಾಕೆ ಬಿಟ್ಟ? ಅಡುಗೆಮನೆ ಅಲ್ಲೇ ಐತೆ. ಒಂದು ಹಿಡಿ ಉಪ್ಪು ಹಾಕಿದ್ರೆ ಅಲ್ಲೇ ಕರಗಿ ಹೋಗ್ತಿದ್ವು."

"ಯಾಕೆ ಬಿಟ್ಟ?"

ಅವಳು ಸೆರಗಿಗೆ ಕೈ ಒರೆಸಿಕೊಂಡಳು. "ನಮ್ಮ ಮನೇಲಿ ಒಂದು ನೇಮ ಐತೆ. ನನ್ನತ್ತೆ ಕಾಲದಿಂದ್ಲೂ. ನಮ್ಮ ರಕ್ತ ಕುಡಿದ ಜಿಗಣೆನ ನಾವು ಕೊಲ್ಲಬಾರದು, ನೀರಿಗೆ ಬಿಡ್ಬೇಕು. ಕೊಂದ್ರೆ ಆ ರಕ್ತದ ದೋಷ ಮನೆ ಹೆಂಗಸಿಗೆ ತಟ್ತದೆ. ಜಿಗಣೆ ಹಚ್ಚಿಸ್ಕಂಡೋರಿಗೆಲ್ಲ ಮೊದಲ ದಿನವೇ ಹೇಳ್ತೀನಿ. ಇಲ್ಲೂ ಹೇಳಿದ್ದೆ."

"ಯಾರಿಗೆ?"

"ಹಚ್ಚಿಸ್ಕಂಡೋನು ಒಬ್ನೇ ಅಲ್ವಾ ಸಾ."

ಅವಳು ಕೋಣೆಯ ಕಿಟಕಿಯ ಕಡೆ ನೋಡಿದಳು, ನಾನೂ ನೋಡಿದೆ. ಕುಡಿದವು ಯಾವುವು ಹಸಿದವು ಯಾವುವು ಎಂದು ಆರಿಸಲು ಅವನಿಗೆ ಹೊತ್ತಿರಲಿಲ್ಲ. ಅದಕ್ಕೇ ಕೈಗೆ ಸಿಕ್ಕವನ್ನೆಲ್ಲ ಹಿಡಿದು ತಂದು ಬಿಟ್ಟಿದ್ದ. ಬೆರಳು ಸಾಯಲಿ ಎಂದು ಬಂದವನು ಹುಳು ಸಾಯಬಾರದೆಂದು ಎಚ್ಚರ ವಹಿಸಿದ್ದ. ಅಂಥ ತಪ್ಪು ಮಾಡುವ ಕಳ್ಳನನ್ನು ಹಿಡಿಯುವುದಕ್ಕೆ ನನಗೆ ಮೊದಲ ಬಾರಿ ಮನಸ್ಸು ಬರಲಿಲ್ಲ.

ಗಂಜಿ ತರುವಂತೆ ಹೇಳಿ ಈರಕ್ಕನನ್ನು ಹೊರಗೆ ಕಳಿಸಿದೆ. ಡಾಕ್ಟರನ್ನು ಕರೆದೆ. ಸ್ಟೂಲು ಎಳೆದುಕೊಂಡು ಮಂಚದ ಪಕ್ಕ ಕೂತೆ.

"ಗುಡ್ಡಪ್ಪ, ಬಲಗೈ ತೋರಿಸು."

ಅವನು ಕದಲಲಿಲ್ಲ. ನಾನು ಹೊದಿಕೆ ಸರಿಸಿದೆ. ಹಾಸಿಗೆಯ ಬಟ್ಟೆ ಅಂಗೈ ಅಗಲ ಕೆಂಪಗೆ ನೆನೆದಿತ್ತು. ಅವನು ಬಲಗೈಗೆ ಟವಲು ಸುತ್ತಿಕೊಂಡಿದ್ದ, ಅದೂ ತೊಯ್ದಿತ್ತು. ಬಿಚ್ಚಿದಾಗ ಬೆರಳುಗಳ ಸಂದಿಯಲ್ಲಿ ಮೂರು ಕವಲಿನ ಎರಡು ಗುರುತುಗಳು ಕಂಡವು. ಎರಡರಿಂದಲೂ ರಕ್ತ ಸಣ್ಣಗೆ ಒಸರುತ್ತಿತ್ತು. ಟವಲಿನ ಮಡಿಕೆಯಿಂದ ಹದಿನಾಲ್ಕನೆಯ ಜಿಗಣೆ, ಕುಡಿದು ಹೆಬ್ಬೆರಳ ಗಾತ್ರಕ್ಕೆ ಉಬ್ಬಿದ್ದು, ಉರುಳಿ ನೆಲಕ್ಕೆ ಬಿತ್ತು.

"ತುಳೀಬ್ಯಾಡ್ರಿ ಸಾ," ಎಂದ ಗುಡ್ಡಪ್ಪ. ಬೆಳಗಿನಿಂದ ಅವನು ಆಡಿದ ಮೊದಲ ಮಾತು ಅದು.

ಓಬಕ್ಕ ಅದನ್ನು ಎತ್ತಿಕೊಂಡಳು.

"ಕಾಟಪ್ನೋರ ಹತ್ರ ಹೋಗಿದ್ದೆ," ಎಂದೆ.

ಅವನು ಕಣ್ಣು ಮುಚ್ಚಿಕೊಂಡ. "ಆ ಕಾಗದದ ಮೇಲಿರೋದು ನಂದೇ ಸಾ. ದೊಡ್ಡವ್ವ ನನಗೆ ಕೈ ಮುಗಿದ್ಲು. ಆ ಕೈಯಾಗೆ ಅಂಬಲಿ ಇಸ್ಕಂಡು ಕುಡಿದೋನು ನಾನು. ಅಂಥೋಳು ಕೈ ಮುಗಿದ್ರೆ ಏನು ಮಾಡ್ಲಿ?"

"ಹೆಂಡ್ತಿಗೆ ಯಾಕೆ ಹೇಳಲಿಲ್ಲ?"

"ಆ ಹೊಲದಾಗೆ ಕಲ್ಲು ಆಯ್ದೋಳು ಅವಳು ಸಾ. ನಾನು ಬರೇ ಉತ್ತೋನು. ಹೆಂಗೆ ಹೇಳ್ಲಿ? ಇಪ್ಪತ್ತಕ್ಕೆ ನನ್ನ ಬೆರಳು ಒತ್ತಿಸಿದ್ರೆ ಎಲ್ಲಾ ಬಯಲಾಗ್ತಿತ್ತು. ಬೆರಳು ಇಲ್ಲಾಂದ್ರೆ ಹೊಲ ಅವಳಿಗೆ ಉಳೀತದೆ. ಒಂದು ಬೆರಳು ತಾನೇ."

ಡಾಕ್ಟರ್ ನಾಗಣ್ಣ ಗೋಡೆಗೆ ಒರಗಿ ನಿಂತರು. ನಾಲ್ಕು ತಾಸು ಭೂತಗನ್ನಡಿ ಕಟ್ಟಿಕೊಂಡು ಹೊಲಿದ ಬೆರಳು ಅದು. ಪಾಪ, ಅವರ ಮುಖ ನೋಡಲಾಗಲಿಲ್ಲ.

"ಹಂಗಾದ್ರೆ ಕಡ್ಕೊಂಡಿದ್ದೂ ನೀನೇ?" ಎಂದೆ.

"ಹೂಂ."

ಬಹಳ ಬೇಗ ಬಂತು ಆ ಹೂಂ.

"ಕಂಬಳಿ?"

"ನಾನೇ ಹೊದ್ಕಂಡೆ."

"ತಲೆ ಮೇಲೆ ಕಂಬಳಿ ಹೊದ್ದು, ಕಣ್ಣು ಕಾಣದೆ, ನಿನ್ನ ಬೆರಳು ನೀನೇ ಕಡ್ಕೊಂಡ್ಯಾ? ಒಂದೇ ಏಟಿಗೆ?"

"ಹೂಂ ಸಾ."

"ಅವ್ರಿಗೆ ಸುಳ್ಳು ಹೇಳಾಕೆ ಬರಲ್ಲ. ಕೇಳ್ಬ್ಯಾಡ್ರಿ."

ಮಾತು ಬಾಗಿಲ ಕಡೆಯಿಂದ ಬಂತು. ಈರಕ್ಕ ಗಂಜಿಯ ಲೋಟ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ, ಗಂಜಿಯ ಮೇಲೆ ಕೆನೆ ಕಟ್ಟಿತ್ತು. ಅವಳ ಹಿಂದೆ ಗೊಲ್ಲಪ್ಪ.

"ಕಡಿದೋಳು ನಾನು," ಎಂದಳು.

"ಈರೀ, ಸುಮ್ನಿರು," ಎಂದ ಗುಡ್ಡಪ್ಪ.

ಅವಳು ಸುಮ್ಮನಿರಲಿಲ್ಲ. ಲೋಟವನ್ನು ಕಿಟಕಿಯ ಮೇಲಿಟ್ಟು, ನನ್ನ ಮುಖವನ್ನೇ ನೋಡುತ್ತ ಹೇಳಿದಳು. "ದೊಡ್ಡವ್ವನ್ನ ನೋಡ್ಕಂಡು ಬಂದ ದಿನ ಇವ್ರ ಉಗುರಿನ ಸಂದಿನಾಗೆ ಮಸಿ ಇತ್ತು. ಬೂದಿ ಹಾಕಿ ತಿಕ್ಕಿದ್ರೂ ಹೋಗಿರಲಿಲ್ಲ. ಏನು ಅಂದ್ರೆ ಗಾಡಿ ಕೀಲೆಣ್ಣೆ ಅಂದ್ರು. ಕೀಲೆಣ್ಣೆ ಯಾವ್ದು ಮಸಿ ಯಾವ್ದು ನನಗೆ ಗೊತ್ತಾಗಲ್ವಾ? ಆವತ್ತೇ ಗೊತ್ತಾಗಿತ್ತು. ಗೊತ್ತಿದ್ದೇ ಅರ್ಜಿ ಹಾಕ್ಸಿದೆ. ಎಕ್ಸ್‌ಪರ್ಟು ಬರ್ತಾನೆ ಅಂದ ಮೇಲೆ ನನಗೆ ಬ್ಯಾರೆ ದಾರಿ ಕಾಣಲಿಲ್ಲ."

"ಕಡಿದೋಳು ಇಲ್ಲೀತನ ಯಾಕೆ ಹೊತ್ಕಂಡು ಬಂದೆ? ಉಳಿಸ್ರಿ ಅಂತ ಯಾಕೆ ಕಾಲು ಹಿಡಿದೆ?" ಎಂದು ನಾನು ಸ್ಟೂಲಿನಿಂದ ಎದ್ದೆ.

"ಕಡಿಯಾತನಕ ಹೊಲ ಕಾಣ್ತಿತ್ತು ಸಾ," ಎಂದಳು ಈರಕ್ಕ. "ಕಡಿದ ಮೇಲೆ ಇವ್ರ ಕೈ ಕಾಣ್ತು."

ಅವಳು ಮಂಚದ ಹತ್ತಿರಕ್ಕೆ ಬಂದಳು.

"ಹೊಲ ಹೋದ್ರೆ ಹೋಗ್ಲಿ. ನನ್ನನ್ನ ಎಲ್ಲಿಗೆ ಬೇಕಾದ್ರೂ ಕರ್ಕಂಡು ಹೋಗ್ರಿ. ಮೊದ್ಲು ಆ ಜಿಗಣೆ ಹಚ್ಚಾಕೆ ಹೇಳ್ರಿ."

"ನಿನ್ನ ಕೈ ಅಂತ ಕಂಬಳಿ ಒಳಗೇ ಗೊತ್ತಾತು ಕಣೇ," ಎಂದ ಗುಡ್ಡಪ್ಪ. ಬಯ್ಯುವ ದನಿಯಲ್ಲ, ಮನೆಯಲ್ಲಿ ಮಾತಾಡುವ ದನಿ. "ನಾನು ಎಳ್ಕಳ್ಳಬೌದಿತ್ತು. ಎಳ್ಕಳ್ಳಲಿಲ್ಲ."

ಈರಕ್ಕ ಅಲ್ಲೇ ಕುಸಿದು ಕೂತಳು. ಮೂರು ದಿನದಿಂದ ತಡೆದಿದ್ದ ಅಳು ಒಮ್ಮೆಗೇ ಬಂತು. ಇವಳು ಮಾಡಿದ್ದು ದೊಡ್ಡ ಅಪರಾಧ. ಇವರಿಬ್ಬರಲ್ಲಿ ಒಬ್ಬರನ್ನೂ ಜೈಲಿಗೆ ಕಳಿಸುವ ಮನಸ್ಸು ನನಗಿರಲಿಲ್ಲ.

ಡಾಕ್ಟರು ಗಡಿಯಾರ ನೋಡಿದರು. "ಕೆಂಚಣ್ಣ, ನಿಮ್ಮ ಪಂಚಾಯ್ತಿ ಆಮೇಲೆ. ಇನ್ನು ತಡ ಮಾಡಿದ್ರೆ ಜಿಗಣೆ ಹಚ್ಚಿಯೂ ಉಪಯೋಗ ಇಲ್ಲ. ಓಬಕ್ಕ, ತಗಂಬಾ."

ಓಬಕ್ಕ ಗಡಿಗೆಯಿಂದ ಒಂದನ್ನು ಎತ್ತಿಕೊಂಡು ಬಂದಳು. ಅದು ಚೇತರಿಸಿಕೊಂಡಿತ್ತು, ಅವಳ ಬೆರಳುಗಳ ನಡುವೆ ನೀಳವಾಗಿ ಚಾಚಿ ಹುಡುಕುತ್ತಿತ್ತು.

ಗುಡ್ಡಪ್ಪ ಎದ್ದು ಕೂತ. ಪಟ್ಟಿ ಕಟ್ಟಿದ ಎಡಗೈಯನ್ನು ಎದೆಗೆ ಒತ್ತಿಕೊಂಡು ಗೋಡೆಯ ಕಡೆ ಸರಿದ.

"ಬ್ಯಾಡ. ಯಾರೂ ಹತ್ರ ಬರಬ್ಯಾಡ್ರಿ."

"ಗುಡ್ಡಪ್ಪ, ಕೈ ಇಳಿಸು," ಎಂದರು ಡಾಕ್ಟರು.

"ಇಳಿಸ್ತೀನಿ. ಸಾಹೇಬ್ರು ಆಣೆ ಮಾಡ್ಲಿ. ಅವಳು ಈಗ ಹೇಳಿದ್ದನ್ನ ಕಾಗದಕ್ಕೆ ಹಾಕಲ್ಲ ಅಂತ. ಮಕ್ಕಳ ಮೇಲೆ ಆಣೆ ಮಾಡ್ಲಿ, ನಾನು ಕೈ ಕೊಡ್ತೀನಿ. ಹೊಲನೂ ಬ್ಯಾಡ ನನಗೆ, ಕಾಗದ ನಂದೇ ಅಂತ ಟ್ರಿಬ್ಯುನಲ್ನಾಗೆ ನಾನೇ ಹೇಳ್ತೀನಿ. ಅವಳನ್ನ ಮಾತ್ರ ಮುಟ್ಬ್ಯಾಡ್ರಿ."

"ಇಲ್ಲಾಂದ್ರೆ?"

ಅವನು ಎಡಗೈ ಎತ್ತಿ, ಹೆಬ್ಬೆಟ್ಟನ್ನು ಹೊಲಿಗೆಯ ತನಕ ಬಾಯೊಳಗೆ ಇಟ್ಟುಕೊಂಡ. ಕಪ್ಪು ದಾರದ ಗಂಟುಗಳ ಮೇಲೆ ಹಲ್ಲುಗಳು ಊರಿ ನಿಂತವು. ಕಣ್ಣು ನನ್ನ ಮೇಲೆಯೇ ಇತ್ತು.

ಹನ್ನೊಂದು ವರ್ಷದಲ್ಲಿ ನಾನು ಸುಳ್ಳು ಹೇಳಿದ್ದೇನೆ, ಮೇಲಿನವರಿಗೂ ಹೇಳಿದ್ದೇನೆ. ಮಕ್ಕಳ ಮೇಲೆ ಆಣೆ ಇಟ್ಟು ಹೇಳಿಲ್ಲ. ಈಗ ಹೇಳಬೇಕು ಅನ್ನಿಸಿತು. ಹೇಳಿದರೆ ಅದು ಸುಳ್ಳಾಗಬಾರದು ಎಂದೂ ಅನ್ನಿಸಿತು. ಈ ನಾಲ್ಕು ಗೋಡೆಯೊಳಗೆ ಕೇಳಿದ್ದನ್ನು ನಾನು ಬರೆಯದಿದ್ದರೆ ಬರೆಯುವವರು ಯಾರು?

"ಗುಡ್ಡಪ್ಪ, ಆಣೆ ಮಾಡ್ತೀನಿ," ಎಂದೆ. "ನನ್ನ ಇಬ್ಬರು ಹೆಣ್ಣುಮಕ್ಕಳ ಮೇಲೆ..."

ಅವನ ದವಡೆ ತುಸು ಸಡಿಲವಾಯಿತು.

"ಸಾ," ಎಂದ ಗೊಲ್ಲಪ್ಪ ಬಾಗಿಲಿನಿಂದ. ಬೆಳಗಿನ ತಪ್ಪನ್ನು ತೊಳೆದುಕೊಳ್ಳುವ ಹುರುಪು ದನಿಯಲ್ಲಿತ್ತು, ಕೈಯಲ್ಲಿ ನೋಟ್‌ಬುಕ್ಕು ತೆರೆದಿತ್ತು. "ಈಯಮ್ಮ ಹೇಳಿದ್ದನ್ನ ಒಂದಕ್ಷರ ಬಿಡದಂಗೆ ಬರ್ಕಂಡೀನಿ. ಹೊರಗೆ ಕಾಟಪ್ನೋರು ಬಂದವ್ರೆ, ಸಾಕ್ಷಿಗೆ ಅವ್ರ ಸಹಿನೂ ಹಾಕ್ಸೀನಿ."

ಗುಡ್ಡಪ್ಪ ಕಣ್ಣು ಮುಚ್ಚಿಕೊಂಡ, ಅವನ ಹಲ್ಲುಗಳು ಹೊಲಿಗೆಯನ್ನು ಕಡಿದು ಒಂದಕ್ಕೊಂದು ಕೂಡಿಕೊಂಡವು.